ಸಾಕಿದ ಅಂಗಳದ ಪಾಲು



ನಾನು ಅಥಣಿ ತಾಲ್ಲೂಕಿನವನು. ಪುಣೆಗೆ ಬಂದು ನಾಲ್ಕು ದಶಕ ಆಗುತ್ತ ಬಂತು. ಅದರಲ್ಲಿ ಮೂವತ್ತೆರಡು ವರ್ಷ ಇಲ್ಲಿನ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸಿದೆ, ಕಬಡ್ಡಿ ತಂಡ ಕಟ್ಟಿದೆ. ನಿವೃತ್ತನಾದ ಮೇಲೂ ಸಂಜೆ ಐದೂವರೆ ಆಯಿತೆಂದರೆ ಮನೆಯಲ್ಲಿ ಕೂರಲಾಗುವುದಿಲ್ಲ, ಮೈದಾನಕ್ಕೆ ಹೋಗುತ್ತೇನೆ.

ಒಂದು ಮಳೆಗಾಲದ ಸಂಜೆ ಆಟ ಮುಗಿದು ಹುಡುಗರು ಮ್ಯಾಟ್ ಸುತ್ತಿಡುತ್ತಿದ್ದರು. ಚಿಕ್ಕೋಡಿ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಬಂದು ನಿಂತ. ಬಿ.ಎ. ಎರಡನೇ ವರ್ಷ. ಎಡ ಕಾರ್ನರ್‌ನಲ್ಲಿ ಆಡುವವನು. ಎದುರಾಳಿಯ ಪಾದ ಅವನ ಕೈಗೆ ಸಿಕ್ಕಿತೆಂದರೆ ಬಿಡಿಸಿಕೊಂಡು ಹೋದವರನ್ನು ನಾನು ಹೆಚ್ಚು ನೋಡಿಲ್ಲ. ಬೆರಳುಗಳಿಗೆ ಸುತ್ತಿದ ಬಿಳಿ ಪಟ್ಟಿಯನ್ನು ಇನ್ನೂ ಬಿಚ್ಚಿರಲಿಲ್ಲ. ಅದೇ ಕೈಯಲ್ಲಿ ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದಿಷ್ಟು ಹಾಳೆ.

“ಸರ, ಇದನ್ನ ಒಮ್ಮೆ ಓದಿ ಹೇಳ್ರಿ. ನಾಳೆ ಮುಂಜಾನಿ ಸಹಿ ಮಾಡಿ ಕಳಸು ಅಂತ ಫೋನ್ ಬಂದೈತ್ರಿ.”

ಹನ್ನೊಂದು ಹಾಳೆ, ಎಲ್ಲವೂ ಇಂಗ್ಲಿಷಿನಲ್ಲಿ. ಪೆವಿಲಿಯನ್ನಿನ ಟ್ಯೂಬ್‌ಲೈಟಿನ ಕೆಳಗೆ ಕೂತು ಓದಿದೆ. ಒಂದು ಖಾಸಗಿ ಕಬಡ್ಡಿ ಅಕಾಡೆಮಿಯವರು ಅವನನ್ನು ಕರೆದಿದ್ದರು. ಊಟ, ವಸತಿ, ತಿಂಗಳಿಗೆ ಕೈಗಿಷ್ಟು ಹಣ. ಎರಡು ವರ್ಷ ಅವರು ಹೇಳಿದ ಕಡೆಯೇ ಆಡಬೇಕು, ಬೇರೆಯವರ ಪರ ಕಣಕ್ಕಿಳಿಯುವಂತಿಲ್ಲ. ಗಾಯವಾದರೆ ಚಿಕಿತ್ಸೆಯ ಖರ್ಚು ಅಕಾಡೆಮಿಯವರ ವಿವೇಚನೆಗೆ ಬಿಟ್ಟದ್ದು. ಕಾಲೇಜು, ಪರೀಕ್ಷೆ, ಹಾಜರಿ ಇವುಗಳ ಮಾತು ಹನ್ನೊಂದು ಹಾಳೆಯಲ್ಲಿ ಒಂದು ಸಾಲೂ ಇರಲಿಲ್ಲ.

“ಅಪ್ಪ ಅಂತಾನ್ರಿ, ಹೋಗು, ಸೊಸೈಟಿ ಸಾಲ ಹಗುರಾಗತೈತಿ ಅಂತ. ಅವ್ವ ಅಂತಾಳ್ರಿ, ಡಿಗ್ರಿ ಮುಗಿಸಿ ಹೋಗು ಅಂತ. ನೀವ ಏನ್ ಅಂತೀರಿ ಸರ?”

ಅವನಿಗೆ ಏನು ಹೇಳಿದೆ ಎಂಬುದನ್ನು ಕಡೆಗೆ ಹೇಳುತ್ತೇನೆ. ಅದಕ್ಕೆ ಮುಂಚೆ ಈ ಹನ್ನೊಂದು ಹಾಳೆ ಅವನ ಕೈಗೆ ಬಂದ ದಾರಿ ಯಾವುದು ಅಂತ ನೋಡಬೇಕು.

ಆಟಗಾರನನ್ನು ಊರಿನಿಂದ ಕರೆದೊಯ್ದು ಸಾಕುವುದು ನಮ್ಮ ಗಡಿ ಸೀಮೆಗೆ ಹೊಸದಲ್ಲ. ಶಾಹು ಮಹಾರಾಜರು ಕೊಲ್ಲಾಪುರದಲ್ಲಿ 1912ರಲ್ಲಿ ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದರು. ಪೈಲ್ವಾನರಿಗೆ ಅಲ್ಲಿ ರಾಜಾಶ್ರಯವಿತ್ತು. ಭಾಷೆ ಯಾವುದು, ಊರು ಯಾವುದು ಅಂತ ಗರಡಿಯ ಬಾಗಿಲಲ್ಲಿ ಯಾರೂ ಕೇಳುತ್ತಿರಲಿಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ಕೊಲ್ಲಾಪುರದ ತಾಲೀಮಿನಲ್ಲಿ ಮೈ ಬೆಳೆಸಿ 1959ರಲ್ಲಿ ಹಿಂದ್ ಕೇಸರಿಯಾದರು. ಕೊಲ್ಲಾಪುರದವರು ಅವರನ್ನು ತಮ್ಮವರೆಂದರು, ಯಕ್ಸಂಬಾದವರೂ ತಮ್ಮವರೆಂದರು. ಇಬ್ಬರ ಮಾತೂ ನಿಜವೇ. ಪೈಲ್ವಾನನ ಖುರಾಕಿಗೆ ಹಾಲು, ತುಪ್ಪ, ಬಾದಾಮಿ ಒದಗಿಸಿದವರು ಒಬ್ಬರಾದರೆ ಮಣ್ಣಿನಲ್ಲಿ ಮೊದಲ ಪಟ್ಟು ಕಲಿಸಿದವರು ಇನ್ನೊಬ್ಬರು.

ದೊರೆಗಳು ಹೋದರು, ಆ ಜಾಗಕ್ಕೆ ನೌಕರಿ ಬಂತು. ನನ್ನ ಕಾಲದ ಹುಡುಗರಿಗೆ ಆಟ ಎಂದರೆ ರೈಲ್ವೆ, ಪೊಲೀಸ್, ಬ್ಯಾಂಕು, ಸೈನ್ಯ. ಕಾರ್ಕಳದ ಕಡೆಯ ಮಮತಾ ಪೂಜಾರಿ ಭಾರತ ತಂಡದ ನಾಯಕಿಯಾಗಿ 2012ರಲ್ಲಿ ವಿಶ್ವಕಪ್ ಗೆದ್ದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅವರ ಅನ್ನ ರೈಲ್ವೆಯ ನೌಕರಿಯದು. ಮುಂಬೈಯಲ್ಲಿ ಬೆಳೆದ ರಿಶಾಂಕ್ ದೇವಾಡಿಗ ಭಾರತ್ ಪೆಟ್ರೋಲಿಯಂ ಸೇರಿ ಆಡಿದರು. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ಹುಡುಗರ ಕ್ರೀಡಾ ಕಂಪನಿ ಇದೆ. ಮೀಸೆ ಮೂಡುವ ಮೊದಲೇ ಮಕ್ಕಳನ್ನು ಆರಿಸಿ, ಶಾಲೆ, ಊಟ, ಕುಸ್ತಿಯ ತರಬೇತಿ ಎಲ್ಲ ಕೊಟ್ಟು, ವಯಸ್ಸಿಗೆ ಬಂದ ಮೇಲೆ ಸೈನ್ಯಕ್ಕೆ ಸೇರಿಸಿಕೊಳ್ಳುತ್ತಾರೆ. ಪುಣೆಯಲ್ಲೂ ಸೈನ್ಯದ ಕ್ರೀಡಾ ಸಂಸ್ಥೆ ಇದೆ. ಈ ವ್ಯವಸ್ಥೆಯಲ್ಲಿ ದುಡ್ಡು ಕಡಿಮೆ, ಆದರೆ ಮೊಣಕಾಲು ಹೋದರೂ ಸಂಬಳ ನಿಲ್ಲುವುದಿಲ್ಲ. ಮೂವತ್ತಕ್ಕೆ ಆಟ ಬಿಟ್ಟವನು ಅರವತ್ತರವರೆಗೆ ಕಚೇರಿಗೆ ಹೋಗುತ್ತಿದ್ದ. ಊರಿನ ತಂದೆತಾಯಿ ಮಗನನ್ನು ಮೈದಾನಕ್ಕೆ ಬಿಡುತ್ತಿದ್ದದ್ದು ಆ ಧೈರ್ಯದ ಮೇಲೆ.

ಕಾಲೇಜುಗಳು ಆ ನೌಕರಿಗೆ ಮೆಟ್ಟಿಲು. ನಾನು ಹುಡುಗರನ್ನು ಹುಡುಕುತ್ತಿದ್ದದ್ದು ಹೀಗೆ. ಜಾತ್ರೆಯ ಸಮಯದಲ್ಲಿ ಊರೂರಲ್ಲಿ ಕಬಡ್ಡಿ ಪಂದ್ಯ ಇರುತ್ತದೆ. ಐವತ್ತೈದು ಕಿಲೋ, ಅರವತ್ತೈದು ಕಿಲೋ ಅಂತ ತೂಕದ ಮೇಲೆ ತಂಡ; ಬಹುಮಾನಕ್ಕೆ ಟಗರು, ಢಾಲು, ಒಂದಿಷ್ಟು ನಗದು. ರಾತ್ರಿಯೆಲ್ಲ ಲೈಟು ಹಾಕಿ ಆಡುತ್ತಾರೆ. ನಾನು ಜನರ ನಡುವೆ ನಿಂತು ನೋಡುತ್ತಿದ್ದೆ. ಗೆಲ್ಲುವಾಗ ಎಲ್ಲರೂ ಚೆಂದ ಆಡುತ್ತಾರೆ. ಹತ್ತು ಅಂಕ ಹಿಂದೆ ಬಿದ್ದಾಗ ಹುಡುಗ ಏನು ಮಾಡುತ್ತಾನೆ ಅಂತ ನೋಡಬೇಕು. ಪಕ್ಕದವನ ಕೈ ಹಿಡಿದು ಸರಪಳಿಯಲ್ಲಿ ನಿಂತಾಗ ಆ ಕೈಯನ್ನು ಎಷ್ಟು ಹೊತ್ತು ಹಿಡಿದಿರುತ್ತಾನೆ, ಯಾವಾಗ ಬಿಡುತ್ತಾನೆ? ತನ್ನ ತಪ್ಪಿನಿಂದ ಜೊತೆಗಾರ ಔಟಾದರೆ ಅವನ ಮುಖ ನೋಡುತ್ತಾನೋ, ತಲೆ ತಿರುಗಿಸುತ್ತಾನೋ? ಇದೆಲ್ಲ ಕಂಡ ಮೇಲೆ ಮರುದಿನ ಅವನ ಮನೆಗೆ ಹೋಗುತ್ತಿದ್ದೆ. ಅವನ ತಾಯಿ ಕೊಟ್ಟ ಚಹ ಕುಡಿದು, ಫೀ ಮಾಫಿ ಇದೆ, ಹಾಸ್ಟೆಲಿದೆ, ದಿನಾ ಹಾಲು ಮೊಟ್ಟೆ ಇದೆ, ಮೂರು ವರ್ಷಕ್ಕೆ ಡಿಗ್ರಿ ಕೈಗೆ ಬರುತ್ತದೆ ಎಂದು ಹೇಳುತ್ತಿದ್ದೆ. ಅದಕ್ಕಿಂತ ಹೆಚ್ಚಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

2014ರ ಜುಲೈನಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಎಂಟು ತಂಡ, ಅದರಲ್ಲೊಂದು ನಮ್ಮ ಪುಣೇರಿ ಪಲ್ಟನ್. ಮೊದಲ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಬೆಲೆ ರಾಕೇಶ್ ಕುಮಾರರಿಗೆ, 12 ಲಕ್ಷ 80 ಸಾವಿರ ರೂಪಾಯಿ. ಕಬಡ್ಡಿಗೆ ಇಷ್ಟೊಂದು ದುಡ್ಡೇ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ದಿನ ಅದೇ ಮಾತು. ನಾಲ್ಕೇ ವರ್ಷದಲ್ಲಿ, 2018ರಲ್ಲಿ, ಆರು ಆಟಗಾರರು ಕೋಟಿ ಮುಟ್ಟಿದರು. ದೇವಾಡಿಗರಿಗೆ ಆ ಸಲ 1 ಕೋಟಿ 11 ಲಕ್ಷ, ಪುತ್ತೂರಿನ ಪ್ರಶಾಂತ್ ಕುಮಾರ್ ರೈಗೆ 79 ಲಕ್ಷ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ 2 ಕೋಟಿ 60 ಲಕ್ಷ 50 ಸಾವಿರಕ್ಕೆ ಹೋದರು. ಒಂಬತ್ತು ವರ್ಷದಲ್ಲಿ ಇಪ್ಪತ್ತು ಪಟ್ಟು.

ಬೆಳಗಾವಿಗೆ ಅಂಟಿಕೊಂಡ ಚಂದಗಡ ತಾಲ್ಲೂಕಿನಲ್ಲಿ ಹುಂದಳೆ ಅಂತ ಒಂದು ಸಣ್ಣ ಹಳ್ಳಿ. ಅಲ್ಲಿಯ ಸಿದ್ಧಾರ್ಥ್ ದೇಸಾಯಿಯನ್ನು 2018ರಲ್ಲಿ ಯು ಮುಂಬಾ ತಂಡ 36 ಲಕ್ಷ 40 ಸಾವಿರಕ್ಕೆ ಕೊಂಡಿತು. ಮೊದಲ ವರ್ಷದಲ್ಲೇ ಹುಡುಗ ಇನ್ನೂರಕ್ಕೂ ಹೆಚ್ಚು ಅಂಕ ತಂದ. ಮರುವರ್ಷ ತೆಲುಗು ಟೈಟನ್ಸ್ 1 ಕೋಟಿ 45 ಲಕ್ಷ ಕೊಟ್ಟಿತು. ಆ ಸುದ್ದಿ ಗಡಿಯ ಎರಡೂ ಕಡೆ ಹಬ್ಬಿದ ವೇಗ ನನಗೆ ನೆನಪಿದೆ. ಆ ವರ್ಷ ನಮ್ಮ ಕಾಲೇಜಿನ ಆಯ್ಕೆ ಶಿಬಿರಕ್ಕೆ ಹಿಂದೆಂದೂ ಬರದಷ್ಟು ಹುಡುಗರು ಬಂದರು. ಅವರ ಜೊತೆ ತಂದೆಯಂದಿರೂ ಬಂದರು. ಅದು ಹೊಸದು. ಮೊದಲೆಲ್ಲ ಹುಡುಗರು ಮನೆಯಲ್ಲಿ ಹೇಳದೆ ಬರುತ್ತಿದ್ದರು.

ಈ ದುಡ್ಡನ್ನು ಕೆಟ್ಟದ್ದು ಅನ್ನುವವರ ಜೊತೆ ನಾನಿಲ್ಲ. ಆಟಗಾರನ ಮೈಯಿಂದ ಎಲ್ಲರೂ ಗಳಿಸುತ್ತಿದ್ದ ಕಾಲದಲ್ಲಿ ಆಟಗಾರನೊಬ್ಬನೇ ಬರಿಗೈಲಿ ಮನೆಗೆ ಹೋಗುತ್ತಿದ್ದ. ಈಗಿನ ಅಹಿಲ್ಯಾನಗರ ಜಿಲ್ಲೆಯ ಟಾಕಳಿ ಢೋಕೇಶ್ವರದ ಅಸ್ಲಂ ಇನಾಮದಾರ್ ಬಡತನದ ಮನೆಯ ಹುಡುಗ. ಲೀಗಿನ ಹೊಸ ಯುವ ಆಟಗಾರರ ಪಟ್ಟಿಯಿಂದ ಪುಣೆ ತಂಡ ಅವನನ್ನು ತೆಗೆದುಕೊಂಡಿತು. ಅದೇ ಹುಡುಗ ನಾಯಕನಾಗಿ 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ 28–25ರಲ್ಲಿ ಗೆದ್ದು ಪುಣೆಗೆ ಮೊದಲ ಸಲ ಕಪ್ ತಂದ. ಆ ತಂಡವನ್ನು ತಿದ್ದಿದ ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್, 2001ರ ಅರ್ಜುನ ಪ್ರಶಸ್ತಿ ವಿಜೇತರು. ಬಡವರ ಮನೆಯ ಮಗನಿಗೆ ಹೀಗೊಂದು ಬಾಗಿಲು ತೆರೆಯುತ್ತದೆಂದರೆ ಅದನ್ನು ಮುಚ್ಚಿ ಅನ್ನುವ ಅಧಿಕಾರ ಯಾರಿಗೂ ಇಲ್ಲ.

ಅದೇ ಗೆದ್ದ ತಂಡದ ಎಡ ಕಾರ್ನರ್‌ನಲ್ಲಿ ಇರಾನಿನ ಮೊಹಮ್ಮದ್‌ರೆಝಾ ಶಾದ್‌ಲೂ ನಿಲ್ಲುತ್ತಿದ್ದರು. ಪುಣೆ ಅವರಿಗೆ ಕೊಟ್ಟದ್ದು 2 ಕೋಟಿ 35 ಲಕ್ಷ. ಕಪ್ ಗೆದ್ದ ಮೇಲೆ ಅವರು ಮತ್ತೆ ಹರಾಜಿಗೆ ಬಂದರು. 2 ಕೋಟಿ 7 ಲಕ್ಷಕ್ಕೆ ಹರಿಯಾಣದ ಪಾಲಾದರು. ಅದೇ ವರ್ಷ ಡಿಸೆಂಬರ್ 29ರಂದು ಅಂತಿಮ ಪಂದ್ಯ ನಡೆದದ್ದು ನಮ್ಮ ಪುಣೆಯ ಬಾಲೇವಾಡಿಯಲ್ಲಿ. ಗೆದ್ದದ್ದು ಹರಿಯಾಣ. ಮಾರ್ಚಿನಲ್ಲಿ ಪುಣೆಗೆ ಕಪ್ ತಂದವರು ಡಿಸೆಂಬರಿನಲ್ಲಿ ಪುಣೆಯ ಅಂಕಣದಲ್ಲೇ ಇನ್ನೊಂದು ಊರಿನ ಅಂಗಿ ತೊಟ್ಟು ಕಪ್ ಎತ್ತಿದರು. ಮುಂದಿನ ವರ್ಷ ಅವರು ಗುಜರಾತಿಗೆ ಹೋದರು. ಇದು ಅವರ ತಪ್ಪಲ್ಲ, ಲೀಗಿನ ನಿಯಮವೇ ಹಾಗಿದೆ. ಆದರೆ ಆ ಪಂದ್ಯದ ಮಾರನೆಯ ಸಂಜೆ ನಮ್ಮ ಹುಡುಗರು ಕೇಳಿದ ಪ್ರಶ್ನೆ ಒಂದೇ: “ಸರ್, ಮುಂದಿನ ಸಲ ಅವರ ರೇಟ್ ಎಷ್ಟಾಗಬಹುದು?” ಮೊದಲಾಗಿದ್ದರೆ ಶಾದ್‌ಲೂ ಪಾದ ಹಿಡಿದ ರೀತಿಯ ಬಗ್ಗೆ ಕೇಳುತ್ತಿದ್ದರು. ನನಗೆ ಬೇಸರವಾಯಿತು.

ಕಬಡ್ಡಿಯೊಂದೇ ಅಲ್ಲ. ಕ್ರಿಕೆಟಿನಲ್ಲಿ ನಮ್ಮ ಕರುಣ್ ನಾಯರ್ ಕರ್ನಾಟಕದಲ್ಲಿ ಜಾಗ ಸಿಗದೆ ಎನ್‌ಓಸಿ ಪಡೆದು ವಿದರ್ಭಕ್ಕೆ ಹೋದರು. 2024–25ರ ರಣಜಿಯಲ್ಲಿ 863 ರನ್ ಮಾಡಿ, ತಂಡಕ್ಕೆ ಕಪ್ ಗೆಲ್ಲಿಸಿ, ಮತ್ತೆ ಭಾರತ ತಂಡದ ಬಾಗಿಲು ತೆರೆಸಿಕೊಂಡರು. 2025ರಲ್ಲಿ ಪೃಥ್ವಿ ಶಾ ಮುಂಬೈ ಬಿಟ್ಟು ನಮ್ಮ ಪುಣೆಯ ಮಹಾರಾಷ್ಟ್ರ ಸಂಸ್ಥೆಗೆ ಬಂದರು. ತಂಡ ಬದಲಿಸುವ ಸ್ವಾತಂತ್ರ್ಯ ಆಟಗಾರನಿಗೆ ಮರುಜನ್ಮ ಕೊಡಬಲ್ಲದು. ಅದನ್ನು ನಾನು ಒಪ್ಪುತ್ತೇನೆ.

ಹೊರಗಿನ ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದಲ್ಲಿ ಕಾಲೇಜುಗಳ ಫುಟ್‌ಬಾಲ್ ಎಂದರೆ ಊರಿಗೆ ಊರೇ ಸೇರುವ ಜಾತ್ರೆ. ಅದು ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಟಿವಿಯಿಂದ, ಟಿಕೆಟಿನಿಂದ ಕಾಲೇಜುಗಳಿಗೆ ಕೋಟಿಗಟ್ಟಲೆ ಡಾಲರ್ ಬರುತ್ತಿತ್ತು, ಆಡುವ ಹುಡುಗರಿಗೆ ಸಿಗುತ್ತಿದ್ದದ್ದು ವಿದ್ಯಾರ್ಥಿವೇತನ ಮಾತ್ರ. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಾಲೇಜು ಕ್ರೀಡಾ ಸಂಸ್ಥೆಯ ಬಿಗಿ ನಿಯಮಗಳ ವಿರುದ್ಧ ಒಮ್ಮತದ ತೀರ್ಪು ಕೊಟ್ಟಿತು. ಅದೇ ವರ್ಷ ಜುಲೈ 1ರಿಂದ ವಿದ್ಯಾರ್ಥಿಗಳು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಗಳಿಸಬಹುದಾಯಿತು. ಕಾಲೇಜು ಬದಲಿಸಿದರೆ ಒಂದು ವರ್ಷ ಹೊರಗೆ ಕೂರಬೇಕೆಂಬ ಹಳೆಯ ಕಟ್ಟಳೆಯೂ ಸಡಿಲವಾಯಿತು. 2025ರ ಜೂನಿನಲ್ಲಿ ಒಪ್ಪಿಗೆಯಾದ ಒಂದು ರಾಜಿಯ ಪ್ರಕಾರ ಈಗ ಒಂದೊಂದು ಕಾಲೇಜು ವರ್ಷಕ್ಕೆ ಸುಮಾರು 2 ಕೋಟಿ ಡಾಲರಿನವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು. ನಮ್ಮ ಲೆಕ್ಕದಲ್ಲಿ ನೂರೈವತ್ತು ಕೋಟಿ ರೂಪಾಯಿಗೂ ಮಿಕ್ಕಿದ ಹಣ. ಇದರಿಂದ ಕೋಚುಗಳು ಹುಡುಗರನ್ನು ಹುಡುಕುವ ರೀತಿಯೇ ತಲೆಕೆಳಗಾಗಿದೆ. ಹೈಸ್ಕೂಲಿನ ಎಳೆಯ ಹುಡುಗನನ್ನು ತಂದು ನಾಲ್ಕು ವರ್ಷ ತಿದ್ದುವುದಕ್ಕಿಂತ ಬೇರೆ ಕಾಲೇಜಿನಲ್ಲಿ ತಯಾರಾದವನನ್ನು ಹಣ ಕೊಟ್ಟು ಕರೆಸುವುದು ಸುಲಭ. ತಿದ್ದಿದವನ ಕೈಗೆ ಏನೂ ಉಳಿಯುವುದಿಲ್ಲ.

ಈ ಮಾತನ್ನು ಕೇಳಿದಾಗ ನನಗೆ ಅಮೆರಿಕ ದೂರವೆನಿಸಲಿಲ್ಲ. ನಮ್ಮಲ್ಲೂ ಕಾಲೇಜುಗಳ ನಡುವೆ ಪೈಪೋಟಿ ಬೆಳೆದಿದೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ ಉಚಿತವಾಗಿ ಕೊಡುವುದನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದೆ. 2022ರಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆದಾಗ ಪದಕಪಟ್ಟಿಯ ತಲೆಯ ಮೇಲೆ ನಿಂತದ್ದು ಖಾಸಗಿಯಾದ ಜೈನ್ ವಿಶ್ವವಿದ್ಯಾಲಯ. ಉತ್ತರದ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳೂ ದೇಶದ ಮೂಲೆಮೂಲೆಯಿಂದ ಹುಡುಗರನ್ನು ಸೇರಿಸಿಕೊಳ್ಳುತ್ತಿವೆ. ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದವನಿಗೆ ತಿಂಗಳಿಗೆ ಹತ್ತು ಸಾವಿರ ಕೈಖರ್ಚಿಗೆ ಬರುತ್ತದೆ. ಅನುದಾನದ ಮೇಲೆ ನಡೆಯುವ ಪುಣೆಯ ಹಳೆಯ ಕಾಲೇಜು, ಫೀ ಮಾಫಿ ಮತ್ತು ಹಾಲು ಮೊಟ್ಟೆ ಇಟ್ಟುಕೊಂಡು ಇವರ ಎದುರು ಎಷ್ಟು ದಿನ ನಿಂತೀತು?

ಹುಡುಕುವ ಕಣ್ಣೂ ಬದಲಾಗಿದೆ. ಈಗ ಜಾತ್ರೆಗೆ ಯಾರೂ ಬರಬೇಕಿಲ್ಲ. ಹುಡುಗರೇ ತಮ್ಮ ಆಟದ ತುಣುಕುಗಳನ್ನು ಫೋನಿನಲ್ಲಿ ಹಿಡಿದು ಕಳಿಸುತ್ತಾರೆ. ಅರ್ಧ ನಿಮಿಷದ ವಿಡಿಯೋ. ಅದರಲ್ಲಿ ಐದು ಹಿಡಿತ, ಐದೂ ಯಶಸ್ವಿ. ತಪ್ಪಿದ ಹದಿನೈದು ಅದರಲ್ಲಿಲ್ಲ. ಹತ್ತು ಅಂಕ ಹಿಂದೆ ಬಿದ್ದಾಗಿನ ಮುಖವೂ ಇಲ್ಲ. ಹುಡುಗರು ಕ್ಯಾಮೆರಾಗೆ ಆಡುವುದನ್ನು ಕಲಿತಿದ್ದಾರೆ. ಕೈಹಿಡಿದ ಸರಪಳಿ ಬಿಟ್ಟು ಒಬ್ಬನೇ ಮುನ್ನುಗ್ಗಿದರೆ ವಿಡಿಯೋ ಚೆನ್ನಾಗಿ ಬರುತ್ತದೆ, ತಂಡ ಸೋಲುತ್ತದೆ. ಇದನ್ನು ತಿದ್ದಲು ನಾನೀಗಲೂ ದಿನಾ ಗಂಟಲು ಹರಿದುಕೊಳ್ಳುತ್ತೇನೆ.

ಇನ್ನು ಕ್ಯಾಲೆಂಡರಿನ ತೊಡಕು. ಲೀಗಿನ ಹನ್ನೊಂದನೆಯ ಆವೃತ್ತಿ ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗೆ, ಹನ್ನೆರಡನೆಯದು ಆಗಸ್ಟ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ನಡೆಯಿತು. ಅದು ಕಾಲೇಜಿನ ಸೆಮಿಸ್ಟರ್ ನಡೆಯುವ, ಅಂತರಕಾಲೇಜು ಪಂದ್ಯಗಳಿಗೆ ತಂಡ ತಯಾರಾಗುವ ಸಮಯ. ಶಿಬಿರಕ್ಕೆ ಹೋದ ಹುಡುಗ ತರಗತಿಯಲ್ಲೂ ಇರುವುದಿಲ್ಲ, ಕಾಲೇಜು ತಂಡದಲ್ಲೂ ಇರುವುದಿಲ್ಲ. ಕೋಟಿಯವರನ್ನು ನಾವು ಟಿವಿಯಲ್ಲಿ ನೋಡುತ್ತೇವೆ. ಶಿಬಿರದಿಂದ ಶಿಬಿರಕ್ಕೆ ಅಲೆದು ಹರಾಜಿನಲ್ಲಿ ಯಾರೂ ಕೈಯೆತ್ತದೆ ಹಿಂತಿರುಗಿದವರನ್ನು ನೋಡುವವರು ನನ್ನಂಥವರು ಮಾತ್ರ.

ಅಂಥ ಒಬ್ಬ ಹುಡುಗ ನನ್ನ ತಂಡದಲ್ಲಿದ್ದ. ಒಳ್ಳೆಯ ದಾಳಿಗಾರ, ಬೋನಸ್ ಗೆರೆ ಮುಟ್ಟಿ ಹಿಂದೆ ಜಿಗಿಯುವಾಗ ನೆಲದಲ್ಲಿ ಸದ್ದಾಗುತ್ತಿರಲಿಲ್ಲ. ಒಂದು ಖಾಸಗಿ ಶಿಬಿರದವರು ಅವನನ್ನು ಅಂತಿಮ ವರ್ಷದ ನಡುವೆ ಕರೆದೊಯ್ದರು. ನನಗೆ ಒಂದು ಮಾತು ಹೇಳಲಿಲ್ಲ. ನಾಲ್ಕನೇ ತಿಂಗಳಲ್ಲಿ ಅವನ ಮೊಣಕಾಲಿನ ಲಿಗಮೆಂಟ್ ಹರಿಯಿತು. ಅವನ ಹಾಸಿಗೆ ಚೀಲ, ಎಕ್ಸ್‌ರೇ ಕವರು ಸಮೇತ ಬಸ್ಸಿಗೆ ಹತ್ತಿಸಿ ಕಳಿಸಿದರು. ನಾನು ಸ್ವಾರಗೇಟ್ ಬಸ್‌ಸ್ಟ್ಯಾಂಡಿಗೆ ಹೋಗಿ ಅವನನ್ನು ಇಳಿಸಿಕೊಂಡೆ. ಶಸ್ತ್ರಚಿಕಿತ್ಸೆಗೆ ಅವನ ತಂದೆ ಎಮ್ಮೆ ಮಾರಿದರು, ಹಳೆಯ ಆಟಗಾರರು ಸೇರಿ ಉಳಿದದ್ದನ್ನು ಹೊಂದಿಸಿದೆವು. ಹಾಜರಿ ಕಡಿಮೆಯಾಗಿ ಆ ವರ್ಷದ ಪರೀಕ್ಷೆಯೂ ತಪ್ಪಿತು. ಈಗ ಅವನು ಊರಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾನೆ. ಅವನಿಗೆ ಇಪ್ಪತ್ತಾರು ವರ್ಷ.

ತಂಡ ದೊಡ್ಡದು, ಮಾಲೀಕರು ಶ್ರೀಮಂತರು ಎಂಬ ಭರವಸೆಯೂ ಸಾಲದು. ಪುಣೆಯ ಫುಟ್‌ಬಾಲಿನಲ್ಲಿ ಅದನ್ನು ನಾವೇ ಕಂಡಿದ್ದೇವೆ. 2007ರಲ್ಲಿ ಹುಟ್ಟಿದ ಪುಣೆ ಎಫ್‌ಸಿ 2012–13ರ ಐ–ಲೀಗಿನಲ್ಲಿ ಎರಡನೆಯ ಸ್ಥಾನಕ್ಕೆ ಬಂದಿತ್ತು. 2015ರ ಹೊತ್ತಿಗೆ ಮುಚ್ಚಿತು. ಭಾರತ್ ಎಫ್‌ಸಿ ಒಂದೇ ಋತು ಆಡಿತು. ಡಿಎಸ್‌ಕೆ ಶಿವಾಜಿಯನ್ಸ್ ಇಂಗ್ಲೆಂಡಿನ ಲಿವರ್‌ಪೂಲ್ ಹೆಸರಿನ ಅಕಾಡೆಮಿ ಇಟ್ಟು ಹುಡುಗರನ್ನು ಸೇರಿಸಿಕೊಂಡಿತು, 2017ರಲ್ಲಿ ಲೀಗ್ ಬಿಟ್ಟಿತು. ಎಫ್‌ಸಿ ಪುಣೆ ಸಿಟಿ 2014ರಲ್ಲಿ ಬಂದು 2019ರಲ್ಲಿ ಹೋಯಿತು, ಅದರ ಜಾಗವನ್ನು ಹೈದರಾಬಾದ್ ತುಂಬಿತು. ದೂರದ ಊರುಗಳಿಂದ ಶಾಲೆ ಬದಲಿಸಿ ಬಂದ ಮಕ್ಕಳು ಅಲ್ಲಿ ಇದ್ದರು. ತಂಡ ಮುಚ್ಚಿದಾಗ ದೊಡ್ಡ ಆಟಗಾರರಿಗೆ ಬೇರೆ ತಂಡ ಸಿಗುತ್ತದೆ. ಹದಿನಾಲ್ಕು ವರ್ಷದವನಿಗೆ ಸಿಗುವುದು ಮನೆಗೆ ಹೋಗುವ ರೈಲು.

ಹುಡುಗಿಯರ ಕಥೆ ಬೇರೆ. ಅವರಿಗೆ ಈ ತೊಂದರೆಯೂ ಇಲ್ಲ, ಈ ದುಡ್ಡೂ ಇಲ್ಲ. 2016ರಲ್ಲಿ ಪ್ರೊ ಕಬಡ್ಡಿಯ ಜೊತೆ ಮೂರು ಮಹಿಳಾ ತಂಡಗಳ ಪಂದ್ಯ ಒಮ್ಮೆ ನಡೆಯಿತು, ಆಮೇಲೆ ಅದನ್ನು ಮುಂದುವರಿಸಲಿಲ್ಲ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಹೆಣ್ಣುಮಕ್ಕಳು ಚೈನೀಸ್ ತೈಪೆಯನ್ನು 26–25ರಲ್ಲಿ ಸೋಲಿಸಿ ಚಿನ್ನ ತಂದರು. ಆ ತಂಡದಲ್ಲಿ ಪುಣೆಯ ಸ್ನೇಹಲ್ ಶಿಂದೆ ಇದ್ದರು. ಅಷ್ಟೇ ಬೆವರು, ಅಷ್ಟೇ ಗಾಯ. ಅವರಿಗೆ ಇಂದಿಗೂ ಆಸರೆ ಆ ಹಳೆಯ ನೌಕರಿಯೇ. ಇದು ಅನ್ಯಾಯ ಎಂದು ಇಲ್ಲಿ ಸ್ಪಷ್ಟವಾಗಿ ಹೇಳಬಯಸುತ್ತೇನೆ.

ಹಾಗಾದರೆ ಏನು ಮಾಡಬೇಕು? ಹುಡುಗರನ್ನು ಕಟ್ಟಿಹಾಕಬಾರದು, ಹಣವನ್ನೂ ತಡೆಯಬಾರದು. ಇದಕ್ಕೊಂದು ದಾರಿಯನ್ನು ಜಗತ್ತಿನ ಫುಟ್‌ಬಾಲ್ ಹಿಂದೆಯೇ ಕಂಡುಕೊಂಡಿದೆ. ಫಿಫಾ ನಿಯಮದಂತೆ ಒಬ್ಬ ಆಟಗಾರ ಒಪ್ಪಂದದ ನಡುವೆ ಒಂದು ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಮಾರಾಟವಾದರೆ ಆ ಮೊತ್ತದ ಶೇಕಡಾ 5ರಷ್ಟನ್ನು ಅವನ ಹನ್ನೆರಡರಿಂದ ಇಪ್ಪತ್ತಮೂರು ವಯಸ್ಸಿನವರೆಗೆ ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕು. ಸಾಕಿದ ವರ್ಷಗಳ ಲೆಕ್ಕದಲ್ಲಿ ಪಾಲು. ಬ್ರೆಜಿಲಿನ, ಆಫ್ರಿಕಾದ ಸಣ್ಣ ಸಣ್ಣ ಊರುಗಳ ಕ್ಲಬ್ಬುಗಳಿಗೂ ಈ ಹಣದಲ್ಲಿ ಹಕ್ಕಿದೆ.

ಕಬಡ್ಡಿಯ ಹರಾಜಿನ ಹಣ ಹಾಗಲ್ಲ. ಅದು ಆಟಗಾರನ ಸಂಬಳ. ಅದರಿಂದ ಒಂದು ಪೈಸೆಯನ್ನೂ ಕಡಿಯಬಾರದು. ಕೊಳ್ಳುವ ತಂಡ ಅದರ ಮೇಲೆ ಶೇಕಡಾ 5ರಷ್ಟನ್ನು ಬೇರೆಯಾಗಿ ತೆಗೆದಿಡಲಿ. 1 ಕೋಟಿ 45 ಲಕ್ಷಕ್ಕೆ ಅದು 7 ಲಕ್ಷ 25 ಸಾವಿರ ಆಗುತ್ತದೆ. ಒಂದು ಹಳ್ಳಿಯ ಸಂಘಕ್ಕೆ ಆ ಹಣದಲ್ಲಿ ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಅಂಕಣಕ್ಕೆ ಹಾಸುವಷ್ಟು ಮ್ಯಾಟ್ ಬರುತ್ತದೆ, ಮೇಲೊಂದು ತಗಡಿನ ಚಾವಣಿಯ ಕೆಲಸವೂ ಶುರುವಾಗುತ್ತದೆ. ನಮ್ಮ ಕಡೆಯ ಬಹುತೇಕ ಹುಡುಗರು ಇಂದಿಗೂ ಮಣ್ಣಿನಲ್ಲಿ ಕಲಿಯುತ್ತಾರೆ. ದೊಡ್ಡ ಪಂದ್ಯಗಳು ಮ್ಯಾಟಿನ ಮೇಲೆ. ಮಣ್ಣಿನಲ್ಲಿ ಜಾರುವ ಪಾದ ಮ್ಯಾಟಿನ ಮೇಲೆ ಜಾರುವುದಿಲ್ಲ, ಅಂಟಿ ನಿಲ್ಲುತ್ತದೆ. ಮೇಲಿನ ಮೈ ತಿರುಗುತ್ತದೆ, ಮೊಣಕಾಲು ನಡುವೆ ಸಿಕ್ಕಿಕೊಳ್ಳುತ್ತದೆ. ಆ ದಾಳಿಗಾರ ಹುಡುಗನ ಕಾಲು ಹೋದದ್ದು ಹಾಗೆಯೇ. ಊರಲ್ಲೇ ಮ್ಯಾಟ್ ಇದ್ದಿದ್ದರೆ ಅವನ ಕಾಲಿಗೆ ಅದು ಮೊದಲೇ ಗೊತ್ತಿರುತ್ತಿತ್ತು.

ಇದರ ಜೊತೆ ಇನ್ನೊಂದು. ವಿದ್ಯಾರ್ಥಿಯಾಗಿರುವ ಆಟಗಾರನ ಕರಾರಿನಲ್ಲಿ ಅವನ ಪರೀಕ್ಷೆಯ ದಿನಗಳು ಬರೆದಿರಬೇಕು. ವಿಶ್ವವಿದ್ಯಾಲಯಗಳೂ ತಮ್ಮ ಕಡೆಯಿಂದ ಇಂಥ ಹುಡುಗರಿಗೆ ಹಾಜರಿಯ ರಿಯಾಯಿತಿ, ಮರುಪರೀಕ್ಷೆ ಕೊಡಬೇಕು. ಆಟ ಮುಗಿಯುವುದು ಮೂವತ್ತರ ಹತ್ತಿರ. ಆಮೇಲೆ ಉಳಿಯುವ ಮೂವತ್ತು ನಲವತ್ತು ವರ್ಷಕ್ಕೆ ಡಿಗ್ರಿಯ ಆ ಕಾಗದ ಬೇಕೇ ಬೇಕು.

ಮನೆಯಲ್ಲಿ ಆಡುವ ಮಗ ಇರುವ ತಂದೆತಾಯಿಗಳಲ್ಲಿ ನನ್ನ ಬಿನ್ನಹ ಇಷ್ಟು. ಕಾಗದ ಬಂದ ರಾತ್ರಿಯೇ ಸಹಿ ಮಾಡಿಸಬೇಡಿ. ಇಂಗ್ಲಿಷ್ ಬಲ್ಲ ಮೇಷ್ಟರನ್ನೋ ವಕೀಲರನ್ನೋ ಕೂರಿಸಿಕೊಂಡು ಪ್ರತಿ ಸಾಲಿನ ಅರ್ಥ ಕೇಳಿ. ಗಾಯವಾದರೆ ಖರ್ಚು ಯಾರದು, ಎಷ್ಟು ದಿನದವರೆಗೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕಾಲೇಜಿನಿಂದ ಟಿ.ಸಿ. ತೆಗೆಸಬೇಡಿ. ಫೋನಿನಲ್ಲಿ ಅವಸರ ಮಾಡುವವರ ಮಾತಿಗೆ ಬೆದರಬೇಡಿ. ನಿಜವಾಗಿ ಹುಡುಗ ಬೇಕಾದವರು ಹದಿನೈದು ದಿನ ಕಾಯುತ್ತಾರೆ.

ಆ ಮಳೆಗಾಲದ ಸಂಜೆ ಚಿಕ್ಕೋಡಿಯ ಹುಡುಗನಿಗೆ ನಾನು ಹೇಳಿದ್ದೂ ಇದನ್ನೇ. ಅವನ ತಂದೆಗೆ ಅಲ್ಲಿಂದಲೇ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ. ಅಕಾಡೆಮಿಯವರಿಗೆ ಒಂದು ಪತ್ರ ಬರೆಸಿದೆ. ಅದರಲ್ಲಿ ಕೇಳಿದ್ದು ಮೂರು: ಗಾಯದ ಪೂರ್ತಿ ಖರ್ಚು, ಪರೀಕ್ಷೆಗೆ ರಜೆ, ಅವನನ್ನು ಬೆಳೆಸಿದ ಊರ ಸಂಘಕ್ಕೆ ಒಂದಿಷ್ಟು ನೆರವು. ಹನ್ನೆರಡನೇ ದಿನ ಉತ್ತರ ಬಂತು. ಮೊದಲಿನ ಎರಡಕ್ಕೆ ಒಪ್ಪಿದರು. ಹುಡುಗ ಹೋದ, ಎರಡನೇ ವರ್ಷದ ಪರೀಕ್ಷೆಗೆ ಬಂದು ಬರೆದ, ಪಾಸಾದ. ಈಗ ಮೂರನೇ ವರ್ಷದಲ್ಲಿದ್ದಾನೆ, ಅಲ್ಲಿಯೇ ಆಡುತ್ತಿದ್ದಾನೆ. ಅವನ ಊರಿನ ಸಂಘದ ಹುಡುಗರು ಇವತ್ತಿಗೂ ಗುಡಿಯ ಹಿಂದಿನ ಮಣ್ಣಿನಲ್ಲೇ ಆಡುತ್ತಾರೆ.